ಉಗುರಿನಷ್ಟು ಬಣ್ಣ

ಅಕ್ಟೋಬರ್ 19, ಸಂಜೆ 6

ಇವತ್ತೂ ಮುಂಗೋಣೆ ಟೈಲ್ಸ್ ಸಂದಿಗೆ ತುಂಬಿದ್ದ ಹಳೇ ಗ್ರೌಟ್ ಕೆರೆದೆ. ಹನ್ನೊಂದನೇ ಸಾಲು. ಚಾಕುವಿನ ತುದಿ ಮುರಿಯಿತು, ಬೆರಳೂ ಕುಯ್ದುಕೊಂಡೆ. ಅಪ್ಪ ಮದುವೆಯ ವರ್ಷ ಅಮ್ಮನಿಗಾಗಿ ಕೈಯಾರೆ ಅಚ್ಚಿಗೆ ಬಣ್ಣ ಸುರಿದು ಒತ್ತಿದ ಸಿಮೆಂಟ್ ಟೈಲ್ಸ್ ಇವು. ಈ ಮಾರ್ಚ್‌ನಲ್ಲಿ ಅಪ್ಪ ತೀರಿಹೋದರು. ಸತ್ತವರು ಊಟಕ್ಕೆ ಮನೆಗೆ ಬರುವ ಹನಾಲ್ ಪಿಶಾನ್ ಹಬ್ಬ, ಅವರ ಹೆಸರಿಗೆ ಇದೇ ಮೊದಲನೆಯದು. ನವೆಂಬರ್ ಒಂದಕ್ಕೆ ಬರುತ್ತಾರೆ.

ಅಮ್ಮ ಪ್ರೊಗ್ರೆಸೊ ಊರಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಮೂವತ್ತಕ್ಕೆ ವಾಪಸ್. ಫೋನಿನಲ್ಲಿ ದಿನಾ ಒಂದೇ ಮಾತು: "ಲ್ಯಾಂಡಿ, ನೆಲ ಚೊಕ್ಕ ಇರ್ಲಿ ಕಣೇ. ಕೆಲಸ ಬಾಕಿ ಇಟ್ರೆ ಬಂದೋರೇ ಮಾಡ್ತಾ ಕೂರ್ತಾರೆ, ಊಟಾನೂ ಮಾಡಲ್ಲ. ನಿಮ್ಮಪ್ಪ ದುಡಿದಿದ್ದು ಸಾಕು."

ಅಕ್ಟೋಬರ್ 21

ಅಂಗಡಿಯಲ್ಲಿ ಒಂದು ಗಂಟೆ. ಬಿಳಿ, ಬೂದಿ, ಕಪ್ಪು... ಅಪ್ಪ ಯಾವಾಗಲೂ ಬಿಳಿ. ಬಿಳಿಯಾದರೆ ತಿಂಗಳಿಗೊಮ್ಮೆ ಬ್ರಷ್ ಹಿಡಿದು ಉಜ್ಜಬೇಕು. ಉಜ್ಜುವವಳು ನಾನು ತಾನೇ. ಕಪ್ಪು ತಂದೆ. ಕೊಳೆ ಕಾಣುವುದಿಲ್ಲ.

ಅಕ್ಟೋಬರ್ 24

ಹಾಳು ಮಾಡಿದೆ.

ಟೈಲ್ಸಿಗೆ ಮೊದಲು ರಂಧ್ರ ಮುಚ್ಚುವ ಸೀಲರ್ ಕುಡಿಸಬೇಕಿತ್ತು, ಇಲ್ಲದಿದ್ದರೆ ಗ್ರೌಟಿನ ಬಣ್ಣ ಹೀರುತ್ತವೆ. ಗೊತ್ತಿತ್ತು. ಟೈಲ್ಸ್ ಮಾಡುವವರ ಮಗಳು ನಾನು. ಒಣಗಲು ಒಂದು ದಿನ ಕಾಯಬೇಕಲ್ಲ ಎಂದು ಸೋಮಾರಿತನ. ಗ್ರೌಟ್ ಕಲಸಿ, ರಬ್ಬರ್ ಹಲಗೆಯಲ್ಲಿ ಅಡ್ಡಡ್ಡ ಎಳೆದೆ. ಸಂದೇನೋ ಚೆನ್ನಾಗಿ ತುಂಬಿತು. ಎಷ್ಟು ಒರೆಸಿದರೂ ಮೇಲಿನ ಕಪ್ಪು ಹೋಗಲಿಲ್ಲ. ಬಾಗಿಲಿನಿಂದ ಅಪ್ಪನ ಫೋಟೋ ಇಡುವ ಮೇಜಿನವರೆಗೆ ಹಳದಿ ಹೂವೆಲ್ಲ ಮಸಿ.

ಅಕ್ಟೋಬರ್ 26

ತಮ್ಮ ವಿಲ್ಬರ್ತ್ ಬಂದ. ಬಾಗಿಲಲ್ಲೇ ನಿಂತು ನಕ್ಕ.

"ಏನಕ್ಕಾ, ಇದರ ಮೇಲೆ ಹಂದಿ ಸುಟ್ಯಾ?"

"ಬಾಯಿ ಮುಚ್ಕೊಂಡು ದಾರಿ ಹೇಳು."

"ಆಸಿಡ್ ಹಾಕು. ಎಲ್ಲರ ಮನೇಲೂ ಅದೇ ಹಾಕೋದು."

"ಅಪ್ಪ ಬೇಡ ಅಂತಿದ್ರು."

"ಅಪ್ಪ ಎಲ್ಲದಕ್ಕೂ ಬೇಡ ಅಂತಿದ್ರು."

ಹಾಕಿದೆವು. ಬುಸ್ಸೆಂದು ನೊರೆ ಎದ್ದಿತು. ತೊಳೆದು ನೋಡಿದರೆ ಕಪ್ಪು ಅರೆಬರೆ ಹೋಗಿದೆ, ಹೂವೂ ಹೋಗಿದೆ. ನೆಲವೆಲ್ಲ ಬಿಳಿಚಿಕೊಂಡಿದೆ. ಕೈಯಿಟ್ಟರೆ ತರಿತರಿ. ವಿಲ್ಬರ್ತ್ ಈಗ ನಗಲಿಲ್ಲ. ಚಾಪೆ ಹಾಸಿಬಿಡು ಎಂದು ಹೊರಟುಹೋದ. ಹಾಸಿದೆ.

ಅಕ್ಟೋಬರ್ 30, ಮಧ್ಯಾಹ್ನ 3

ಅಮ್ಮ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ನೇರ ಹೋಗಿ ಚಾಪೆ ಎತ್ತಿದಳು.

"ಆಸಿಡ್ಡಾ?"

"ಹೂಂ."

"ಯಾರು?"

"ನಾನೇ." ತಮ್ಮನ ಹೆಸರು ಹೇಳಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಚಾಪೆ ಸುತ್ತಿ ಹೊರಗಿಟ್ಟಳು. ಹಬ್ಬದ ಮೆಕ್ಕೆಜೋಳದ ಕಡುಬು ಪಿಬ್ ಕಟ್ಟಿ ಬೇಯಿಸಲು ಬಾಳೆಲೆ ಒರೆಸುತ್ತಾ ಕೂತಳು.

ಅಕ್ಟೋಬರ್ 31, ಸಂಜೆ

ಅಮ್ಮ ಮೇಜಿನ ಮೇಲೆ ಮೇಣದಬತ್ತಿ, ಪಿಬ್, ಅಪ್ಪ ಬಿಸಿ ಚಾಕೊಲೇಟ್ ಕುಡಿಯುತ್ತಿದ್ದ ಲೋಟ ಇಟ್ಟಳು. ಮೇಜಿನ ಕೆಳಗೆ ಒಂದು ಬಕೆಟ್ ನೀರು, ಟೈಲ್ಸ್ ನುಣುಪು ಮಾಡಲು ಅಪ್ಪ ಇಟ್ಟುಕೊಂಡಿದ್ದ ಎರಡು ಉಜ್ಜುಕಲ್ಲು.

ತಡೆಯಲಾಗಲಿಲ್ಲ. "ಇದ್ಯಾಕಮ್ಮಾ?"

"ಕೆಲಸ ಬಾಕಿ ಇದೆಯಲ್ಲ."

ಭೂಮಿಗಿಳಿದು ಹೋದೆ. ಸತ್ತ ಮೇಲೂ ಅಪ್ಪನನ್ನು ಕೆಲಸಕ್ಕೆ ಹಚ್ಚಿದೆ.

ನವೆಂಬರ್ 1, ಬೆಳಿಗ್ಗೆ 9

ಆರು ಗಂಟೆಗೆ ಕರ್ ಕರ್ ಸದ್ದಿಗೆ ಎಚ್ಚರ. ಅಪ್ಪನೇ ಕೂತುಬಿಟ್ಟರಾ? ಮುಂಗೋಣೆಗೆ ಓಡಿದೆ.

ಅಮ್ಮ. ಮಂಡಿಯೂರಿ, ನೀರು ಚಿಮುಕಿಸಿ, ಕಲ್ಲಿನಲ್ಲಿ ಉಜ್ಜುತ್ತಿದ್ದಾಳೆ. ಬಿಳುಪಿನ ಅಡಿಯಿಂದ ಹಳದಿ ಎದ್ದು ಬಂದಿದೆ. ಇಡೀ ಒಂದು ಹೂವು.

"ಬೇರೆಯವರು ಕಾಗದದಷ್ಟು ತೆಳ್ಳಗೆ ಹಾಕ್ತಾರೆ. ನಿಮ್ಮಪ್ಪ ಬಣ್ಣ ಉಗುರಿನಷ್ಟು ದಪ್ಪ ಹಾಕಿದ್ರು. ಮಕ್ಕಳು ಹುಟ್ಟೋ ಮನೆ, ಏನೇನು ಮಾಡ್ತಾವೋ ಅಂತ."

ಅಳು ಬಂತು.

"ಅಳೋದು ಆಮೇಲೆ. ಸಂದು ಕಪ್ಪೇ ಇರ್ಲಿ, ನೋಡಿದಾಗೆಲ್ಲ ಬುದ್ಧಿ ಬರುತ್ತೆ. ಇದು ಮುಗಿಯೋವರೆಗೂ ಅವರು ಊಟಕ್ಕೆ ಕೂರಲ್ಲ. ಆ ಕಲ್ಲು ತಗೋ."

ಬಾಗಿಲಿನಿಂದ ಮೇಜಿನವರೆಗಿನ ಹನ್ನೆರಡು ಹೂವೂ ಮುಗಿದವು. ಕೈ ಒರೆಸಿಕೊಂಡು ಇಷ್ಟು ಬರೆಯುತ್ತಿದ್ದೇನೆ. ಅಮ್ಮ ಕೂಗುತ್ತಿದ್ದಾಳೆ — ಬಾರೇ, ಚಾಕೊಲೇಟ್ ಆರ್ತಾ ಇದೆ, ನಿಮ್ಮಪ್ಪ ಕಾಯ್ತಾ —