ಲೂಷಿಯಸ್ ಕೊಯ್ದ ಸ್ಪೀಕರ್

ಷಿಕಾಗೊ, ೧೨ ಮಾರ್ಚ್ ೧೯೭೪, ಮಂಗಳವಾರ

ಅದನ್ನು ಮುಟ್ಟು ಅಂತ ನನಗೆ ಹೇಳಿದವರು ಯಾರು? ಓಡೆಲ್ ತನ್ನ ಗಿಟಾರಿನ ಆಂಪ್ಲಿಫೈಯರನ್ನು ನನ್ನ ರಿಪೇರಿ ಅಂಗಡಿಗೆ ತಂದಿದ್ದು ವೈರು ಕಿತ್ತುಬಂದಿದೆ ಅಂತ, ಅಷ್ಟೇ. ಬೆಸುಗೆ ಹಾಕಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಬಿಚ್ಚಿದಾಗ, ಅದುರಿ ದನಿ ಹೊರಡಿಸುವ ಸ್ಪೀಕರಿನ ಕಾಗದ ಅಲ್ಲಲ್ಲಿ ಹರಿದಿತ್ತು. ಹಳೇ ಗಿರಾಕಿ, ಪಾಪ ಅಂತ ಹೊಸ ಕಾಗದ ಕೂರಿಸಿದೆ. ಹಳೆಯದು ಬೆಳಿಗ್ಗೆ ಕಸದ ಲಾರಿಗೆ ಹೋಯಿತು.

ಮಧ್ಯಾಹ್ನ ಬಂದವನು ಗಿಟಾರ್ ಸಿಕ್ಕಿಸಿ ಒಂದೇ ತಂತಿ ಮೀಟಿದ. ಗಾಜಿನಂಥ ದನಿ. ನಾನು ಹಲ್ಲು ಕಿರಿದೆ. ಅವನು ತಲೆ ಎತ್ತಲಿಲ್ಲ.

"ಇದ್ಯಾರ ದನಿ ಕಣಯ್ಯ? ಆ ಕಾಗದಾನ ನಮ್ಮಣ್ಣ ಬ್ಲೇಡಲ್ಲಿ ಕೊಯ್ದಿದ್ದ. ಗಿಟಾರು ಗುರುಗುಟ್ಟಲಿ ಅಂತ, ಐವತ್ನಾಲ್ಕನೇ ಇಸ್ವೀಲಿ."

ಅವನ ಅಣ್ಣ ಲೂಷಿಯಸ್ ತೀರಿಕೊಂಡು ಆರು ವರ್ಷ. ಆ ಗುರುಗುಟ್ಟುವಿಕೆ ಕೇಳಿದರೆ ಬೀದಿಯ ತುದಿಯಿಂದಲೇ ನುಡಿಸುತ್ತಿರುವವನು ಓಡೆಲ್ ಅಂತ ಗೊತ್ತಾಗುತ್ತಿತ್ತು, ನನಗೂ!

"ಇದನ್ನೂ ಕೊಯ್ಯೋಣ ಬಿಡು" ಅಂತ ಬ್ಲೇಡ್ ತೆಗೆದೆ.

"ಎಲ್ಲೆಲ್ಲಿ ಕೊಯ್ತೀಯ? ನಾನು ಒಂದಿನಾನೂ ಬಿಚ್ಚಿ ನೋಡಿಲ್ಲ. ಈಗ ಬದುಕಿರೋರಲ್ಲಿ ಅದನ್ನ ಕಂಡೋನು ನೀನೊಬ್ಬನೇ."

ಕಂಡೆ, ನಿಜ. ಈ ಕೈಯಲ್ಲೇ ಹಿಡಿದಿದ್ದೆ. ಕಣ್ಣು ಮುಚ್ಚಿದರೆ ಕಸದ ಡಬ್ಬ ಸ್ಪಷ್ಟವಾಗಿ ಕಾಣುತ್ತದೆ. ಗೀರು ಮಾತ್ರ ನೆನಪಿಗೆ ಬರುತ್ತಿಲ್ಲ, ಮೂರಿದ್ದವೋ, ನಾಲ್ಕೋ...