ಮೆಣಸಿಗೆ ಕಾಲಿರುತ್ತಾ?

ವೆರಾಕ್ರೂಸ್, ಗುರುವಾರ

ಎಫಿಗೇನಿಯಾ ಅಕ್ಕನಿಗೆ,

ಮುನ್ನೂರು ವರ್ಷದ ಹಿಂದೆ ಇಲ್ಲಿ ಮುಳುಗಿದ ಸ್ಪೇನಿನ ಹಡಗಿನಿಂದ ಬೆಳ್ಳಿ ಬರುತ್ತದೆಂದು ಊರಿಗೆ ಊರೇ ಕಾದಿತ್ತು. ಬಂದದ್ದು ನಾಲ್ಕು ಬಟ್ಟೆಚೂರು, ಜೊತೆಗೆ ಒಂದು ಒಡಕು ಜಾಡಿ; ಬಣ್ಣ ಹಾಕುವವಳೆಂದು ನನ್ನನ್ನು ಕರೆಸಿದ್ದು ಆ ಚೂರು ನೋಡಲೆಂದೇ. ಜಾಡಿಯ ತುಂಬ ನೆಂದ ಕಪ್ಪು ಕಾಳು.

“ಹಳೇ ಮೆಣಸು ಕಣಮ್ಮ, ಚೆಲ್ಲಿ ಜಾಡಿ ತೊಳೀಬೇಕು,” ಎಂದರು ಹಡಗಿನ ಸಾಮಾನು ಮೇಲೆತ್ತಿಸುವ ಮೇಲ್ವಿಚಾರಕ ದೋನ್ ಎವಾರಿಸ್ತೊ.

“ಮೆಣಸಿಗೆ ಕಾಲಿರುತ್ತಾ ಸ್ವಾಮಿ?” ಎಂದು ನಾಲ್ಕು ಕಾಳು ಅಂಗೈಯಲ್ಲಿ ಹಿಸುಕಿ, ಅವರ ಊಟದ ತಟ್ಟೆಯ ನಿಂಬೆಹೋಳು ಎತ್ತಿ ಹಿಂಡಿದೆ. ಕೈಯೆಲ್ಲ ಕೆಂಪು!

“ಅಯ್ಯೋ, ಕೈ ಕುಯ್ಕೊಂಡ್ಯಲ್ಲಮ್ಮ!” ಎಂದು ಅವರು ಔಷಧಿಗೆ ಓಡಿದರು.

ಅದು ಮೆಣಸಲ್ಲ, ನಮ್ಮ ಪಾಪಾಸುಕಳ್ಳಿಯ ಹುಳುವೇ ಅಕ್ಕ, ನಾವು ದಿನವೂ ಬಣ್ಣಕ್ಕೆ ಅರೆಯುವುದು. ನಮ್ಮ ಹಿರಿಯರು ಸ್ಪೇನಿನ ರಾಜನಿಗೆಂದು ಆರಿಸಿ ಒಣಗಿಸಿದ್ದು. ಇದು ತಿಳಿದ ಮೇಲೆ ಜಾಡಿಗೆ ಈಗ ಬೀಗ, ಕಾವಲು ಎಲ್ಲ ಆಗಿದೆ.

ಸೆಕೆಗೆ ನನ್ನ ಮೈತುಂಬ ಬೆವರುಸಾಲೆ, ಉಳಿದಂತೆ ಆರಾಮ. ಬಸ್ಸಿನ ದುಡ್ಡು ಅವರೇ ಕೊಟ್ಟರು, ಶನಿವಾರ ಬರುತ್ತೇನೆ.

ಈ ಕಾರ್ಡಿನ ಮೂಲೆಯಲ್ಲಿರುವ ಹೆಬ್ಬೆಟ್ಟಿನ ಗುರುತು ರಕ್ತವಲ್ಲ, ಮುನ್ನೂರು ವರ್ಷ ಸಮುದ್ರದಲ್ಲಿ ನೆಂದ ಆ ಕಾಳಿನದೇ ಬಣ್ಣ. ಇನ್ನು ಸಂತೆಯಲ್ಲಿ ಯಾರಾದರೂ ನಮ್ಮ ಕಂಬಳಿ ಹಿಡಿದು “ಒಗೆದ್ರೆ ಬಣ್ಣ ಹೋಗುತ್ತಾ?” ಎಂದರೆ ವಾದಕ್ಕಿಳಿಯಬೇಡ, ಈ ಕಾರ್ಡ್ ತೋರಿಸು.

ಓಬ್ದುಲಿಯಾ