ಎಡಗಡೆಯ ಪರದೆ

ಅತ್ತೆಯವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮನೆಯಿಂದಲೇ ಆಫೀಸಿನ ಕೆಲಸ ಮಾಡಲು ನಾನು ಎರಡು ಮಾನಿಟರ್ ಇಟ್ಟುಕೊಂಡಾಗ ನೀವು, "ಏನೇ, ಟಿ.ವಿ. ಅಂಗಡಿ ತೆಗೀತೀಯಾ?" ಅಂದಿರಿ. ಬಲಗಡೆಯದರಲ್ಲಿ ಕೆಲಸ, ಎಡಗಡೆಯದರಲ್ಲಿ ಒಳಕೋಣೆಯ ಕ್ಯಾಮೆರಾ, ತೊಟ್ಟಿಲಲ್ಲಿ ನಿಮ್ಮ ಮೊಮ್ಮಗಳು. ಕಂಪ್ಯೂಟರ್ ಮಾತ್ರ ಎಡಗಡೆಯ ಪರದೆ ಬಲಗಡೆ ಇದೆ ಅಂದುಕೊಂಡಿದೆ. ಮೌಸನ್ನು ಎಡಕ್ಕೆ ತಳ್ಳಿದರೆ ಬಾಣ ಬಲಗಡೆಯ ಪರದೆಯ ಅಂಚಿಗೆ ಬಡಿದು ನಿಂತುಬಿಡುತ್ತದೆ, ಎಡಗಡೆಯದಕ್ಕೆ ದಾಟುವುದಿಲ್ಲ. ಬೇರೆ ಊರಿನಲ್ಲಿರುವ ನಿಮ್ಮ ಮಗ ಫೋನಿನಲ್ಲಿ, "ಸೆಟ್ಟಿಂಗ್ಸಲ್ಲಿ ಎರಡನ್ನೂ ಅದಲುಬದಲು ಮಾಡು, ಅಷ್ಟೇ ಕಣೇ" ಅಂದರು. ನಿದ್ದೆಯಿಲ್ಲದ ತಲೆಗೆ ಅಷ್ಟೂ ಹತ್ತಲಿಲ್ಲ.

ನಿನ್ನೆ ಮಧ್ಯಾಹ್ನ ಮಗಳು ಆ ಎಡಗಡೆಯ ಪರದೆಯಲ್ಲಿ ಅಳುತ್ತಿದ್ದಳು. ನಾನು ಮೌಸನ್ನು ಎಡಕ್ಕೆ ತಳ್ಳಿದೆ, ಎತ್ತಿಟ್ಟು ಮತ್ತೆ ತಳ್ಳಿದೆ. ಬಾಣ ಅವಳನ್ನು ಮುಟ್ಟಲೇ ಇಲ್ಲ. ಅವಳನ್ನು ಎತ್ತಿಕೊಳ್ಳಲು ಕುರ್ಚಿಯಿಂದ ನಾನೇ ಏಳಬೇಕು ಅನ್ನುವುದು ಹೊಳೆಯುವಷ್ಟರಲ್ಲಿ ಅವಳು ಅತ್ತು ಅತ್ತು ನಿದ್ದೆಹೋಗಿದ್ದಳು.

ಅತ್ತೆ, ನನ್ನನ್ನು ಕಂಡರೆ ನನಗೇ ಭಯ. ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ. ಕಂಪ್ಯೂಟರ್ ಹೇಗಾದರೂ ಇರಲಿ, ನೀವು ಬಂದು ಮಗುವನ್ನು ನೋಡಿಕೊಂಡರೆ ನಾನು ಸ್ವಲ್ಪ ಮಲಗುತ್ತೇನೆ. ಬೆಲ್ ಒತ್ತಿದಾಗ ನಾನು ಬೇಗ ಏಳದಿದ್ದರೆ ದಯವಿಟ್ಟು ವಾಪಸ್ ಹೋಗಬೇಡಿ, ಒತ್ತುತ್ತಲೇ ಇರಿ.

ನಿಮ್ಮ ಸೊಸೆ